ಕಳ್ಳನಿಗಿಲ್ಲದ ಗಡಿ ಕಾನೂನಿಗಿದೆ

2000ನೇ ಇಸವಿಯ ಮೇ 4ರಂದು ಮನಿಲಾದಿಂದ ಹೊರಟ 'ಐ ಲವ್ ಯೂ' ಎಂಬ ಶಿರೋನಾಮೆಯ ಇ-ಮೇಲ್ ಸಂದೇಶವೊಂದು ಲೋಕದಾದ್ಯಂತ ಲಕ್ಷಾಂತರ ಗಣಕಯಂತ್ರಗಳನ್ನು ಕೆಡಿಸಿತು. ಬ್ರಿಟನ್ನಿನ ಸಂಸತ್ತು ಸಹ ತನ್ನ ಇ-ಮೇಲ್ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಶಂಕಿತ ಯುವಕನ ಪತ್ತೆ ಬೇಗನೆ ಆಯಿತಾದರೂ ಶಿಕ್ಷೆಯಾಗಲಿಲ್ಲ. ಇಂತಹ ಕೃತ್ಯವನ್ನು ಅಪರಾಧವೆನ್ನುವ ಕಾನೂನೇ ಅಂದು ಫಿಲಿಪ್ಪೀನ್ಸಿನಲ್ಲಿರಲಿಲ್ಲ. ಮರುತಿಂಗಳು ಬಂದ ಕಾಯ್ದೆಯು ಹಿಂದಿನ ಕೃತ್ಯಕ್ಕೆ ಅನ್ವಯಿಸುವಂತಿರಲಿಲ್ಲ.

ಇದನ್ನು ಅನ್ಯಾಯವೆಂದು ನಾವು ಹೇಳಲಾರೆವು. ಪ್ರಕಟವಾಗಿರುವುದು ಕಾನೂನಿನ ಲಕ್ಷಣಗಳಲ್ಲೊಂದೆಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಬೋಧಿಸಿದ್ದಾರೆ. ತಪ್ಪು ನ್ಯಾಯಾಲಯದ್ದಲ್ಲ, ಎಚ್ಚರ ತಪ್ಪಿದ ಶಾಸಕರದ್ದು.

ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಕಲಮು, ಭಾರತದ ಗಣಕಯಂತ್ರಕ್ಕೆ ಸಂಬಂಧಿಸಿದ್ದಾದರೆ ಹೊರದೇಶದಲ್ಲಿ ನಡೆದ ಅಪರಾಧಕ್ಕೂ ಅನ್ವಯಿಸುತ್ತದೆ. ಕಾಗದದ ಮೇಲೆ ಕಾನೂನಿನ ಕೈ ಉದ್ದವೇ. ಆದರೆ ಆರೋಪಿಯನ್ನೂ ಸಾಕ್ಷ್ಯವನ್ನೂ ಒಪ್ಪಿಸಬೇಕಾದದ್ದು ಇನ್ನೊಂದು ಸರಕಾರ. ನಮ್ಮ ಕೋರಿಕೆ ಸಚಿವಾಲಯದಿಂದ ಸಚಿವಾಲಯಕ್ಕೆ ಸಾಗುವಷ್ಟರಲ್ಲಿ ನಿವೃತ್ತರೊಬ್ಬರ ಜೀವಮಾನದ ಉಳಿತಾಯವು ಹತ್ತು ಖಾತೆಗಳನ್ನು ದಾಟಿ ಮಾಯವಾಗಿರುತ್ತದೆ.

ಈ ವಿಳಂಬವನ್ನು ತಗ್ಗಿಸಲೆಂದೇ 2001ರಲ್ಲಿ ಐರೋಪ್ಯ ಮಂಡಳಿಯು ಬುಡಾಪೆಸ್ಟ್ ಒಪ್ಪಂದವನ್ನು ರೂಪಿಸಿತು. ದಿನದ 24 ತಾಸೂ ತೆರೆದಿರುವ ಸಂಪರ್ಕ ಕೇಂದ್ರ, ಸಾಕ್ಷ್ಯವನ್ನು ಅಳಿಯದಂತೆ ಕಾದಿಡುವ ಕಟ್ಟಳೆ ಅದರಲ್ಲಿವೆ. ಫಿಲಿಪ್ಪೀನ್ಸ್ 2018ರಲ್ಲಿ ಸೇರಿತು. ಕರಡು ರಚನೆಯಲ್ಲಿ ತನಗೆ ಪಾತ್ರವಿರಲಿಲ್ಲವೆಂದು ಭಾರತ ಹೊರಗುಳಿಯಿತು. ಈ ಸ್ವಾಭಿಮಾನ ನಮಗೆ ಅರ್ಥವಾಗುತ್ತದೆ. ಅದರ ಬೆಲೆಯನ್ನು ತೆರುವವರು ಮಾತ್ರ ರಾಜತಾಂತ್ರಿಕರಲ್ಲ.

2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೇ ಹೊಸ ಒಪ್ಪಂದವನ್ನು ಅಂಗೀಕರಿಸಿತು. ಅದು ಜಾರಿಗೆ ಬರಲು 40 ದೇಶಗಳ ಅನುಮೋದನೆ ಅಗತ್ಯ. ನಿರಂಕುಶ ಸರಕಾರಗಳು ಇದನ್ನು ಪತ್ರಕರ್ತರ ಮೇಲೆ ಪ್ರಯೋಗಿಸಬಹುದೆಂಬ ಮಾನವ ಹಕ್ಕು ಸಂಘಟನೆಗಳ ಭಯವನ್ನು ನಾವು ತಳ್ಳಿಹಾಕುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ದೂರವಾಣಿಯಲ್ಲಿ ವಂಚಿಸುವವನೇ ಕೆಲವೊಮ್ಮೆ ಸೆರೆಯಾಳಾಗಿರುತ್ತಾನೆ. ಉದ್ಯೋಗದ ಆಸೆಯಿಂದ ಥಾಯ್ಲೆಂಡಿಗೆ ಹೋದ ನಮ್ಮ ಯುವಕರನ್ನು ಮ್ಯಾನ್ಮಾರಿನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿ ಬಲವಂತವಾಗಿ ಈ ಕೆಲಸಕ್ಕೆ ಹಚ್ಚಲಾಗಿತ್ತು. 2025ರ ಮಾರ್ಚ್‌ನಲ್ಲಿ ಅಂತಹ ಐನೂರಕ್ಕೂ ಅಧಿಕ ಭಾರತೀಯರನ್ನು ವಿಮಾನಗಳಲ್ಲಿ ಮರಳಿ ಕರೆತರಲಾಯಿತು. ಅವರನ್ನು ಅಲ್ಲಿಗೆ ಮಾರಿದವರನ್ನು ಹಿಡಿಯಲು ಕನಿಷ್ಠ ಮೂರು ದೇಶಗಳ ಪೊಲೀಸರು ಒಂದಾಗಬೇಕು. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ನಮ್ಮ ಕುಟುಂಬಗಳು ಉದ್ಯೋಗದ ಏಜೆಂಟನು ಸರಕಾರದಲ್ಲಿ ನೋಂದಾಯಿತನೋ ಎಂದು ಮೊದಲೇ ವಿಚಾರಿಸಲಿ. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ಆ ಕ್ಷಣವೇ 1930ಕ್ಕೆ ಕರೆಮಾಡಲಿ.