ಖಾಲಿ ಇದ್ದಾಗ ಎಷ್ಟು ತೋರಿಸ್ತದ?

ದೋಸ್ತರೇ, ಫೋಟೋದಾಗ ಇರೋದು ನಮ್ಮ ಡಿಜಿಟಲ್ ಪ್ರೆಷರ್ ಗೇಜ್. ಆರ್ಡುಯಿನೊ ಊನೊ, ಎಂಪಿಎಕ್ಸ್ 5700ಜಿಪಿ ಸೆನ್ಸರ್, ಒಂದು ಎಲ್‌ಸಿಡಿ.

ಶಹಾಪುರದ ಪಂಕ್ಚರ್ ಅಂಗಡಿಯಾಗ ಬೈಕ್ ಟೈರಿಗೆ ಹಚ್ಚಿದ್ವಿ. ನಮ್ದು 32.5 ಪಿಎಸ್‌ಐ, ಕಾಕಾನ ಹಳೇ ಮುಳ್ಳಿನ ಗೇಜ್ 28. "ಕಾಕಾ, ನಿಮ್ದು ಬದಲಿಸ್ರಿ" ಅಂತ ನಕ್ಕು ಬಂದ್ವಿ.

ಮನಿಗೆ ಬಂದು ಪೈಪ್ ಬಿಚ್ಚಿಟ್ಟರೂ 4.5 ತೋರಿಸ್ತದ! ಈ ಸೆನ್ಸರ್ ಒತ್ತಡ ಸೊನ್ನೆ ಇದ್ದಾಗಲೂ 0.2 ವೋಲ್ಟ್ ಕೊಡ್ತದ. ಕೋಡಿನಾಗ ಅದನ್ನ ಕಳೆಯೋದು ಮರೆತಿದ್ವಿ. ಕಾಕಾನ ಮುಳ್ಳೇ ಖರೆ ಹೇಳಿತ್ತು.

ನನ್ನ ಅಭಿಪ್ರಾಯ: ದಶಾಂಶ ಕಂಡ ಮಾತ್ರಕ್ಕ ಅಳತೆ ಖರೆ ಆಗೋದಿಲ್ಲ. ಗಾಳಿ ಕಮ್ಮಿ ಇರೋ ಟೈರಿಗೆ ನಮ್ಮ ಗೇಜ್ 'ಸರಿ ಅದ' ಅಂದ್ರ, ಬ್ಯಾಸಗಿ ಬಿಸಿಲಾಗ ಸುರಪುರ ರೋಡಿನ ಮ್ಯಾಲ ಟೈರ್ ಕಾದು ಒಡೀಬಹುದು. ಗಾಡಿ ಮ್ಯಾಲ ನಮ್ಮ ಮನಿಯವರೇ ಇರ್ತಾರ.

ಮೊದಲು ಖಾಲಿ ಇಟ್ಟು ಸೊನ್ನೆ ನೋಡ್ರಿ. ಆಮೇಲೆ ಮಾಳಗಿಯಿಂದ ನೀರು ತುಂಬಿದ ಪೈಪ್ ಇಳಿಬಿಡ್ರಿ. 7 ಮೀಟರ್ ನೀರು ಅಂದ್ರ ಸುಮಾರು 10 ಪಿಎಸ್‌ಐ. ಸೆನ್ಸರಿಗೆ ನೀರು ತಾಗದಂಗ ನಡುವೆ ಗಾಳಿ ಇರಲಿ. ಎರಡೂ ಸರಿ ಬಂದ್ರ ಮಾರ್ಕ್ಸ್ ಕೇಳೋಣ.

ನಾಳೆ ಕಾಕಾನ ಹತ್ರ ಹೋಗಿ ಕ್ಷಮಾ ಕೇಳಿ ಬರ್ತೀನಿ. ನಿಮ್ಮ ಗೇಜ್ ಖಾಲಿ ಇದ್ದಾಗ ಎಷ್ಟು ತೋರಿಸ್ತದ? ಕಮೆಂಟ್ ಹಾಕ್ರಿ.

#ಯಾದಗಿರಿ #ಶಹಾಪುರ #ಸುರಪುರ