ಡೈನೋಸಾರ್ ಬರೆಯುವ ಮಕ್ಕಳು ಮತ್ತು ನಮ್ಮ ರಾಜ್ಯೋತ್ಸವ

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಡೆದ ರಾಜ್ಯೋತ್ಸವದ ಮಕ್ಕಳ ಚಿತ್ರಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರನಾಗಿದ್ದೆ. ವಿಷಯ ‘ನಮ್ಮ ನಾಡು’. ಬಂದ ಹಾಳೆಗಳಲ್ಲಿ ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ, ಭುವನೇಶ್ವರಿ, ಮೈಸೂರಿನ ಅರಮನೆ. ಒಂದರಲ್ಲಿ ಮಾತ್ರ ಕಪ್ಪು ಬಂಡೆಗಳ ನಡುವೆ ಉದ್ದ ಕತ್ತಿನ ಡೈನೋಸಾರ್ ನಿಂತಿತ್ತು. ಬರೆದವಳು ಒಂಬತ್ತು ವರ್ಷದ ಹುಡುಗಿ. ರೇಖೆಯ ಗಟ್ಟಿತನದಲ್ಲಿ ಆ ಹಾಳೆಗೆ ಸಮನಾದುದು ಅಲ್ಲಿ ಇನ್ನೊಂದಿರಲಿಲ್ಲ. ವಿಷಯಕ್ಕೆ ಹೊಂದದು ಎಂದು ಅದನ್ನು ಬದಿಗಿಟ್ಟವನು ನಾನೇ. ಬಹುಮಾನ ಹಂಚಿದ ಮೇಲೆ ಆಕೆ ಹತ್ತಿರ ಬಂದು, “ಕಾಕಾ, ಇದೂ ಇಲ್ಲೇ ಇತ್ತಲ್ರಿ?” ಎಂದಳು. ಉತ್ತರ ತೋಚದೆ ತಲೆ ಸವರಿ ಕಳುಹಿಸಿಬಿಟ್ಟೆ.

ಇದರಲ್ಲಿ ನಾಚಿಕೆಯ ಸಂಗತಿಯೊಂದಿದೆ. ಹೊಟ್ಟೆಪಾಡಿಗಾಗಿ ಮರಾಠಿ ದೀಪಾವಳಿ ಸಂಚಿಕೆಗಳಿಗೂ ಪಠ್ಯಪುಸ್ತಕಗಳಿಗೂ ಚಿತ್ರ ಬರೆಯುವ ನಾನು, ಮನಸ್ಸಿನ ಸಂತೋಷಕ್ಕಾಗಿ ಮೂವತ್ತು ವರ್ಷಗಳಿಂದ ಬರೆಯುತ್ತಿರುವುದು ಡೈನೋಸಾರ್‌ಗಳನ್ನೇ. ಧಾರವಾಡದಲ್ಲಿ ‘ಚಂದಮಾಮ’ದ ಪುಟಗಳಿಂದ ಬೇತಾಳನನ್ನೂ ರಾಕ್ಷಸರನ್ನೂ ನಕಲು ಮಾಡುತ್ತ ಬೆಳೆದವನಿಗೆ ಈ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಆ ಪತ್ರಿಕೆಯ ಮುಖಪುಟಗಳನ್ನು ಬೆಳಗಿದ ಎಂ.ಟಿ.ವಿ. ಆಚಾರ್ಯರು ನಮ್ಮವರೇ. ಮನೆಯಲ್ಲಿ ಕದ್ದು ತಿನ್ನುವ ಸಿಹಿಯನ್ನು ಪಂಕ್ತಿಯಲ್ಲಿ ಬೇಡವೆನ್ನುವವನಂತೆ ನಾನು ಆ ದಿನ ನಡೆದುಕೊಂಡೆ.

ಹುಡುಗಿಯ ಪ್ರಶ್ನೆಯನ್ನು ಈಗ ಉತ್ತರಿಸಲು ಯತ್ನಿಸುತ್ತೇನೆ. ಕರ್ನಾಟಕದ ಬಹುಭಾಗದ ಶಿಲೆ 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಮೂಳೆಯೆಂಬುದೇ ಇಲ್ಲದ ಕಾಲದ ಬಂಡೆಯಲ್ಲಿ ಅವುಗಳ ಮೂಳೆಯನ್ನು ಹುಡುಕಿ ಫಲವಿಲ್ಲ. ಪುಣೆಯ ಕಲ್ಲಿನ ಕಥೆ ಬೇರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ, ನೆಲ ಬಿರಿದು ಹರಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಈ ಕಪ್ಪು ಕಲ್ಲಾಯಿತು. ವಿಜಾಪುರ, ಬೀದರ್, ಬೆಳಗಾವಿಯ ಕಡೆಗೂ ಅದೇ ಹಾಸು ಹಬ್ಬಿದೆ. ಅವುಗಳ ಅಳಿವಿಗೆ ಮೆಕ್ಸಿಕೋದಲ್ಲಿ ಬಿದ್ದ ಆಕಾಶಕಾಯವೇ ಮುಖ್ಯ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳ ಮತ. ಈ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹಾಲಯವನ್ನು ನಮ್ಮ ರಾಷ್ಟ್ರಕೂಟರ ಕಾಲದಲ್ಲಿ, 8ನೆಯ ಶತಮಾನದಲ್ಲಿ, ಕೊರೆದದ್ದು ಇದೇ ಕಲ್ಲಿನಲ್ಲಿ. ಕನ್ನಡದ ನೆನಪಿಗೆಂದು ನಾವು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಆ ಕಲ್ಲನ್ನು ಮುಟ್ಟಿದ ಮಗು ಮುಟ್ಟುವುದು ರಾಷ್ಟ್ರಕೂಟರನ್ನು ಮಾತ್ರವಲ್ಲ.

ಮಹಾರಾಷ್ಟ್ರದ ಮಣ್ಣಿನಲ್ಲಿ ಮೂಳೆಗಳೂ ಸಿಕ್ಕಿವೆ, ಇನ್ನೂ ಸ್ವಾರಸ್ಯದ ವಸ್ತುಗಳೂ ಸಿಕ್ಕಿವೆ. ಮೊದಮೊದಲು ನಾನು ಡೈನೋಸಾರ್‌ನ ಕಾಲಡಿ ಹುಲ್ಲನ್ನು ಬರೆಯುತ್ತಿದ್ದೆ. ಭೂವಿಜ್ಞಾನ ಬಲ್ಲ ಹಿರಿಯರೊಬ್ಬರು ನೋಡಿ, “ಆಗ ಹುಲ್ಲೆಲ್ಲಿತ್ತು ಮಾರಾಯರೆ?” ಎಂದು ನಕ್ಕರು. ಹುಲ್ಲನ್ನು ಅಳಿಸಿ ಜರೀಗಿಡ ಹಾಕಿದೆ. ಆದರೆ 2005ರಲ್ಲಿ, ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ದೊರೆತ ಕಲ್ಲಾದ ಸೆಗಣಿಯೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿವೆಯೆಂದು ಭಾರತೀಯ ಮತ್ತು ವಿದೇಶೀ ವಿಜ್ಞಾನಿಗಳು ಕೂಡಿ ಪ್ರಕಟಿಸಿದರು. ಡೈನೋಸಾರ್‌ಗಳ ಕೊನೆಗಾಲದಲ್ಲಿ ಹುಲ್ಲಿತ್ತು. ನಮ್ಮ ಪಕ್ಕದ ಸೆಗಣಿ ಲೋಕದ ಚಿತ್ರಕಾರರ ಹಾಳೆಯನ್ನೇ ಬದಲಿಸಿತು. ನಾನು ಮಾತ್ರ ಅಳಿಸಿದ ಹುಲ್ಲನ್ನು ಮತ್ತೆ ಬರೆಯಬೇಕಾಯಿತು, ಅಲ್ಲಲ್ಲಿ ಮಾತ್ರ.

ಇಂಥ ಚಿತ್ರವನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವವರಿಗಾಗಿ ಇನ್ನೊಂದು ಮಾತು. ಗೋದಾವರಿ ಕಣಿವೆಯಲ್ಲಿ ಆಳುದ್ದದ ತೊಡೆಮೂಳೆಯೊಡನೆ ಸಿಕ್ಕ ಪ್ರಾಣಿಗೆ 1975ರಲ್ಲಿ ‘ಬಾರಾಪಾಸಾರಸ್ ಟಾಗೋರೈ’ ಎಂಬ ಹೆಸರಾಯಿತು. ಬಂಗಾಳಿಯಲ್ಲಿ ‘ಬಡೊ ಪಾ’ ಎಂದರೆ ದೊಡ್ಡ ಕಾಲು. ಉಳಿದರ್ಧ ರವೀಂದ್ರನಾಥರ ಗೌರವಕ್ಕೆ. ಬಂಗಾಳಿಗಳು ತಮ್ಮ ಕವಿಯನ್ನು ಡೈನೋಸಾರ್‌ನ ಬೆನ್ನೇರಿಸಲು ಹಿಂಜರಿಯಲಿಲ್ಲ ಎಂಬುದನ್ನು ಗಮನಿಸಬೇಕು. ಕೋಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಆ ಅಸ್ಥಿಪಂಜರ ನಿಂತಿದೆ. ಹಲ್ಲುಗಳು ಸಿಕ್ಕವು, ತಲೆಬುರುಡೆ ಸಿಗಲಿಲ್ಲ. ಹಾಗಿದ್ದರೆ ತಲೆಯನ್ನು ಬರೆಯುವುದು ಹೇಗೆ? ಬಂಧುಪ್ರಾಣಿಗಳ ಬುರುಡೆಯನ್ನು ನೋಡಿ, ಹಲ್ಲಿನಿಂದ ದವಡೆಯನ್ನು ಊಹಿಸಿ. ಊಹೆ ತಪ್ಪುವುದೂ ಉಂಟು. ಲಂಡನ್ನಿನಲ್ಲಿ 1854ರಲ್ಲಿ ನಿಲ್ಲಿಸಿದ ಇಗ್ವಾನೋಡಾನ್ ಪ್ರತಿಮೆಯ ಮೂಗಿನ ಮೇಲೊಂದು ಕೊಂಬಿತ್ತು. ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂದು ಅನಂತರ ಬೆಲ್ಜಿಯಂನಲ್ಲಿ ಪೂರ್ಣ ಅಸ್ಥಿಪಂಜರಗಳು ಸಿಕ್ಕಾಗ ತಿಳಿಯಿತು.

ಕಂಡ ಅಂಗಗಳಿಂದ ಕಾಣದ ಪ್ರಾಣಿಯನ್ನು ಕೂಡಿಸುವ ಈ ವಿದ್ಯೆ ಕನ್ನಡಿಗರಿಗೆ ಪರಕೀಯವೆ? ಹಳೇಬೀಡಿನ ಗೋಡೆಯ ಮಕರವನ್ನು ನೋಡಿರಿ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಬಳ್ಳಿಗಾವಿಯ ಕಂಬದ ಮೇಲಿನ ಗಂಡಭೇರುಂಡ 1047ರದು. ನಮ್ಮ ರಾಜ್ಯಲಾಂಛನದ ನಡುವೆ ಅದೇ ಎರಡು ತಲೆಯ ಹಕ್ಕಿ, ಅಕ್ಕಪಕ್ಕದಲ್ಲಿ ಆನೆಮೊಗದ ಸಿಂಹಗಳು. ಇಷ್ಟೆಲ್ಲ ವಿಚಿತ್ರ ಮೃಗಗಳ ಕೆಳಗೆ ಕುಳಿತು, ಡೈನೋಸಾರ್ ಬರೆದ ಮಗುವಿಗೆ ‘ಇದು ನಮ್ಮದಲ್ಲ’ ಎಂದವನು ನಾನು.

ಹಿರಿಯ ಸದಸ್ಯರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ವರ್ಷಕ್ಕೊಂದು ದಿನ ಮಕ್ಕಳು ಕನ್ನಡದ ಕಡೆ ಮುಖ ಮಾಡುತ್ತಾರೆ, ಆ ದಿನವಾದರೂ ಹಂಪೆಯನ್ನು ಬರೆಯಲಿ ಎನ್ನುತ್ತಾರವರು. ಆದರೆ ಪುಣೆಯಲ್ಲಿ ಹುಟ್ಟಿದ ಮೂರನೆಯ ತಲೆಮಾರಿನ ಮಗುವಿಗೆ ಹಂಪೆಯೂ ಕಾಣದ ಲೋಕವೇ. ಅದು ರಥವನ್ನು ಬರೆಯುವುದು ಕ್ಯಾಲೆಂಡರ್ ನೋಡಿಕೊಂಡು, ರಥದ ಮುಂದಿರುವ ಆನೆಯನ್ನು ಮರೆತು. ಡೈನೋಸಾರ್ ಬರೆಯುವಾಗಲಾದರೋ ಅದೇ ಮಗು ಎಷ್ಟು ಬೆರಳು, ಬಾಲ ನೆಲಕ್ಕೆ ತಾಗುವುದೋ ಇಲ್ಲವೋ ಎಂದು ಜಗಳವಾಡುತ್ತದೆ. ಆ ಜಗಳ ಇಂಗ್ಲಿಷಿನಲ್ಲಿ ನಡೆಯುತ್ತದೆ, ಸ್ವಲ್ಪ ಮರಾಠಿಯಲ್ಲಿ. ನನ್ನ ಆತಂಕವಿರುವುದು ಇಲ್ಲಿ. ಮಗು ಮೈಮರೆತು ಮಾತಾಡುವ ವಸ್ತುವೆಲ್ಲ ಬೇರೆ ಭಾಷೆಗಳ ಪಾಲಾಗಿ, ಕನ್ನಡಕ್ಕೆ ಅಡಿಗೆಮನೆ ಮತ್ತು ಆರತಿ ಮಾತ್ರ ಉಳಿದರೆ ಸಂಘ ಎಷ್ಟು ನವೆಂಬರ್‌ಗಳನ್ನು ಆಚರಿಸಿ ಏನು ಫಲ?

ಪದಗಳಿಲ್ಲವೆಂಬ ನೆಪ ಸಲ್ಲದು. ಬೆನ್ನುಮೂಳೆ, ಪಕ್ಕೆಲುಬು, ದವಡೆ, ಗೊರಸು, ಹುರುಪೆ, ಪಳೆಯುಳಿಕೆ ಎಲ್ಲವೂ ಇವೆ. ಡೈನೋಸಾರ್ ಡೈನೋಸಾರ್ ಆಗಿಯೇ ಇರಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಬರೆದದ್ದು ವಿಶ್ವಕೋಶಕ್ಕೆ ಕನ್ನಡ ಸಾಲದು ಎಂದುಕೊಂಡಲ್ಲ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿಗೆ ತಾವೇ ಚಿತ್ರ ಬರೆದರು. ತೇಜಸ್ವಿಯವರು ಒಂದು ಹಾರುವ ಓತಿಯ ಹಿಂದೆ ಇಡೀ ‘ಕರ್ವಾಲೊ’ವನ್ನು ಓಡಿಸಿದರು.

ಸಂಘಗಳಿಗೆ ನನ್ನ ಸೂಚನೆ ಇಷ್ಟೆ. ಸ್ಪರ್ಧೆಗೆ ವಿಷಯ ಕೊಡುವುದನ್ನು ಬಿಡೋಣ. ಒಂದು ಮಧ್ಯಾಹ್ನ ಮಕ್ಕಳನ್ನು ಪಾತಾಳೇಶ್ವರದ ಕಲ್ಲಿನ ನೆರಳಿನಲ್ಲಿ ಕೂರಿಸಿ, ಬೇಕಾದುದನ್ನು ಬರೆಯಲು ಹೇಳೋಣ, ಡೈನೋಸಾರ್, ರಾಕ್ಷಸ, ರಥ, ಏನಾದರೂ. ಬರೆದ ಮೇಲೆ ಪ್ರತಿಯೊಬ್ಬರೂ ತಮ್ಮ ಚಿತ್ರದ ಬಗ್ಗೆ ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕು. ತಡವರಿಸಿದರೆ ಪದ ಒದಗಿಸಲು ನಾವು ಹಿರಿಯರು ಪಕ್ಕದಲ್ಲಿರಬೇಕು. ಅದಕ್ಕೆ ಮೊದಲು ಆ ಪದಗಳನ್ನು ನಾವೂ ಸ್ವಲ್ಪ ಓದಿಕೊಳ್ಳಬೇಕಾಗಬಹುದು.

ಹುಡುಗಿಯ ಹಾಳೆ ಈಗಲೂ ನನ್ನ ಕಡತದಲ್ಲಿದೆ. ಅವಳು ತನ್ನ ಡೈನೋಸಾರ್‌ನ ಕಾಲ ಬಳಿ ನಾಲ್ಕು ಎಳೆ ಹುಲ್ಲು ಬರೆದಿದ್ದಳು. ಬರುವ ನವೆಂಬರ್‌ಗೆ ನನ್ನನ್ನು ಮತ್ತೆ ತೀರ್ಪುಗಾರನಾಗಿ ಕರೆದಿದ್ದಾರೆ. ಮೇಲಿನ ಸೂಚನೆಯನ್ನು ಬರೆದು ಕಳುಹಿಸಿದ್ದೇನೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.