ಐದಕ್ಕೆ ಏಳದವರೆಲ್ಲ ಸೋಮಾರಿಗಳೇ?

ಏಕಾಗ್ರತೆ ಬೇಕಾದವರು ದಿನವೂ ಬೆಳಿಗ್ಗೆ ಐದಕ್ಕೇ ಏಳಬೇಕು, ಏಳದವರಿಗೆ ಶಿಸ್ತಿಲ್ಲ ಎಂದು ಕಳೆದ ವಾರ ಓದಿದ ಲೇಖನವೊಂದು ತೀರ್ಪು ಕೊಟ್ಟಿದೆ. ಬರೆದವರು ಒಮ್ಮೆ ನಮ್ಮ ಕರಾವಳಿಯ ಹಳದೀಪುರದ ಕಡೆ ಬರಲಿ. ಇಲ್ಲಿನ ಕಡಲಿಗೆ ಅಲಾರಾಂ ಕೇಳಿಸುವುದಿಲ್ಲ. ಉಬ್ಬರ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ನಸುಕಿನ ಐದಕ್ಕೆ ಬಂದ ಇಳಿತ ವಾರ ಕಳೆಯುವುದರೊಳಗೆ ಹನ್ನೊಂದರ ಹತ್ತಿರ ಬಂದಿರುತ್ತದೆ. ಪಕ್ಕದ ಅಘನಾಶಿನಿ ನದಿಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಅಡುಗೆ, ನಿದ್ದೆ, ಪೇಟೆ ಎಲ್ಲವನ್ನೂ ಈ ಲೆಕ್ಕಕ್ಕೇ ಹೊಂದಿಸಿಕೊಳ್ಳುತ್ತಾರೆ. ಇದು ಶಿಸ್ತಲ್ಲದೆ ಮತ್ತೇನು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮೀನುಗಾರರ ದಿನಚರಿಯೇ ಬೇರೆ.

ಇನ್ನು ಮಕ್ಕಳು. ಹೊನ್ನಾವರಕ್ಕೋ ಕುಮಟಾಕ್ಕೋ ಬಸ್ಸಿನಲ್ಲಿ ಹೋಗಿಬಂದು, ರಾತ್ರಿ ಹನ್ನೊಂದರವರೆಗೆ ಓದಿದ ಹುಡುಗಿಯನ್ನು ಐದಕ್ಕೆ ಎಬ್ಬಿಸಿದರೆ ಅವಳಿಗೆ ಸಿಗುವುದು ಆರು ಗಂಟೆ ನಿದ್ದೆ. ಹದಿಹರೆಯಕ್ಕೆ ವೈದ್ಯರು ಹೇಳುವುದು 8ರಿಂದ 10 ಗಂಟೆ. ತೂಕಡಿಸುತ್ತ ಕೂತವಳಿಗೆ ಏಕಾಗ್ರತೆ ಎಲ್ಲಿಂದ ಬರಬೇಕು?

ಮೊಬೈಲ್ ದೂರ ಇಡಿ ಎಂಬ ಆ ಲೇಖನದ ಮಾತನ್ನು ಒಪ್ಪುತ್ತೇನೆ. ಆದರೆ ಹೋಂವರ್ಕೂ ವಾಟ್ಸಾಪ್‌ನಲ್ಲೇ ಬರುವ ಮನೆಯಲ್ಲಿ ಅದನ್ನು ಎಷ್ಟು ಹೊತ್ತಿಗೆ ಎತ್ತಿಡಬೇಕು ಎಂಬುದನ್ನೂ ಲೇಖಕರೇ ಹೇಳಬೇಕಿತ್ತು.